ಉಪದೇಶಕ್ಕೆ ಮುನ್ನ ಪ್ರಶ್ನೆ

ತತ್ತ್ವಾರ್ಥಸೂತ್ರವು ಸ್ವಾಧ್ಯಾಯಕ್ಕೆ ಐದು ಅಂಗಗಳನ್ನು ಹೇಳುತ್ತದೆ: ವಾಚನೆ, ಪೃಚ್ಛನೆ, ಅನುಪ್ರೇಕ್ಷೆ, ಆಮ್ನಾಯ, ಧರ್ಮೋಪದೇಶ. ಓದು, ಪ್ರಶ್ನೆ, ಮನನ, ಆವರ್ತನೆ ಇವುಗಳ ತರುವಾಯವೇ ಉಪದೇಶ. ಹದಿಹರೆಯದವರಿಗೆಂದು ಸಿದ್ಧವಾಗುವ ಧಾರ್ಮಿಕ ಪುಸ್ತಕಗಳು ಬಹುಮಟ್ಟಿಗೆ ಈ ಕ್ರಮವನ್ನು ತಲೆಕೆಳಗು ಮಾಡುತ್ತವೆ. ಪುರಾಣಕಥೆಯ ಸಂಗ್ರಹ, ಕೊನೆಗೊಂದು ನೀತಿವಾಕ್ಯ. ಪ್ರಶ್ನೆಗೆ ಅಲ್ಲಿ ಎಡೆಯಿಲ್ಲ.

ಸಾಹಿತ್ಯಪ್ರಕಾರವು ಬರಿಯ ಹೊರ ಅಲಂಕಾರವಲ್ಲವೆಂಬುದಕ್ಕೆ ಉತ್ತರ ಕನ್ನಡದ ಕರಾವಳಿಯಲ್ಲಿಯೇ ಎರಡು ನಿದರ್ಶನಗಳಿವೆ.

1880ರ ದಶಕದ ಆರಂಭದಲ್ಲಿ, ಅಣ್ಣ ಸತ್ಯೇಂದ್ರನಾಥರು ಕಾರವಾರದಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗ, ಇಪ್ಪತ್ತರ ಹರೆಯದ ರವೀಂದ್ರನಾಥ ಠಾಕೂರರು ಅಲ್ಲಿ ತಂಗಿದ್ದರು. 1884ರಲ್ಲಿ ಪ್ರಕಟವಾದ ‘ಪ್ರಕೃತಿರ ಪ್ರತಿಶೋಧ’ ನಾಟಕವನ್ನು ಬರೆದದ್ದು ಆ ಕಡಲತೀರದಲ್ಲಿ. ಸಕಲ ಬಂಧಗಳನ್ನೂ ಕಡಿದೆನೆಂದು ಬೀಗುವ ಸಂನ್ಯಾಸಿಯೊಬ್ಬನನ್ನು, ಊರವರು ದೂರವಿಟ್ಟ ಅನಾಥ ಬಾಲೆಯ ಅಕ್ಕರೆ ಕಲಕುತ್ತದೆ. ಅವಳನ್ನು ತೊರೆದು ಹೋದವನು ಮರಳಿ ಬರುವಾಗ ಅವಳು ಬದುಕಿಲ್ಲ.

ಇದು ವೈರಾಗ್ಯದ ನಿಂದೆಯಲ್ಲವೇ ಎಂದು ಶ್ರಾವಕರು ಶಂಕಿಸಬಹುದು. ಆದರೆ ಕ್ರೋಧ, ಮಾನ, ಮಾಯೆ, ಲೋಭಗಳೆಂಬ ನಾಲ್ಕು ಕಷಾಯಗಳಲ್ಲಿ ಆ ಸಂನ್ಯಾಸಿ ಬಿಡದೆ ಉಳಿಸಿಕೊಂಡದ್ದು ಮಾನವನ್ನು. ಮನೆಯನ್ನು ಬಿಟ್ಟವನು ಅಹಂಕಾರವನ್ನು ಬಿಡಲಿಲ್ಲ. ಅನುಕಂಪೆಯನ್ನು ಮಾತ್ರ ಬಿಟ್ಟನು. ಈ ಭೇದವನ್ನು ಉಪನ್ಯಾಸದಲ್ಲಿ ಕೇಳಿದ ತರುಣ ಮರೆತಾನು. ಸಂನ್ಯಾಸಿಯ ಮಾತನ್ನು ತಾನೇ ಆಡಿದವನು ಮರೆಯಲಾರ. ಪೃಚ್ಛನೆಗೆ ನಾಟಕವು ಒದಗುವುದು ಹೀಗೆ. ಅದರ ಮಿತಿಯೂ ಇಲ್ಲಿಯೇ ಇದೆ: ನಾಟಕ ಪ್ರಶ್ನೆಯನ್ನು ಎತ್ತಿ ನಿಲ್ಲುತ್ತದೆ, ಸಮ್ಯಕ್ ವೈರಾಗ್ಯ ಯಾವುದೆಂದು ಹೇಳುವುದಿಲ್ಲ. ಆ ಚರ್ಚೆಗೆ ಹಿರಿಯರು ಜೊತೆಗೆ ಕುಳಿತಿರಬೇಕು.

ಎರಡನೆಯ ನಿದರ್ಶನ ಅಂಕೋಲೆಯದು. 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟನ್ನು ಸ್ಥಾಪಿಸಿ ಜಿಲ್ಲೆಯಲ್ಲಿ ಶಾಲೆಗಳನ್ನು ತೆರೆದ ದಿನಕರ ದೇಸಾಯಿಯವರು (1909–1982) ತಮ್ಮ ಚೌಪದಿಗಳಿಂದ ಚುಟುಕಕ್ಕೆ ಮನೆಮಾತಿನ ಸ್ಥಾನ ತಂದರು. ನಾಲ್ಕೇ ಸಾಲು, ಅಂತ್ಯಪ್ರಾಸ, ಕೊನೆಯಲ್ಲೊಂದು ಚುರುಕು. ಒಮ್ಮೆ ಕೇಳಿದರೆ ಬಾಯಿಗೆ ಬರುತ್ತದೆ. ಆಮ್ನಾಯಕ್ಕೆ ಇದಕ್ಕಿಂತ ಸುಲಭ ಸಾಧನವಿಲ್ಲ. ಆದರೆ ಚುಟುಕದ ಮೊನೆ ಪರರತ್ತಲೇ ತಿರುಗುವುದು ಹೆಚ್ಚು. ತರುಣರು ಅದನ್ನು ತಮ್ಮತ್ತ ತಿರುಗಿಸಿ ಬರೆದರೆ ಅದು ಅನುಪ್ರೇಕ್ಷೆಯಾದೀತು.

ಪ್ರಕಾರಗಳ ಬದಲಾವಣೆ ಜೈನಪರಂಪರೆಗೆ ಹೊಸತಲ್ಲ. ‘ವಡ್ಡಾರಾಧನೆ’ ಹತ್ತೊಂಬತ್ತು ಕಥೆಗಳನ್ನು ಗದ್ಯದಲ್ಲಿ ಹೇಳಿತು, ಪಂಪನು 941ರಲ್ಲಿ ‘ಆದಿಪುರಾಣ’ವನ್ನು ಚಂಪುವಿನಲ್ಲಿ ರಚಿಸಿದನು, 16ನೆಯ ಶತಮಾನದಲ್ಲಿ ರತ್ನಾಕರವರ್ಣಿಯು ಭರತೇಶನ ಕಥೆಯನ್ನು ಹಾಡಿಗೊದಗುವ ಸಾಂಗತ್ಯಕ್ಕೆ ತಂದನು. ಪೂರ್ವಕವಿಗಳಿಗಿದ್ದ ಈ ಸ್ವಾತಂತ್ರ್ಯ ಇಂದಿನ ತರುಣರಿಗೂ ಸಲ್ಲಬೇಕು.

ಬಸದಿಯ ಸಭಾಭವನದಲ್ಲಿ ಉಪನ್ಯಾಸಗಳ ನಡುವೆ ಒಂದು ಸಂಜೆಯನ್ನು ನಾಟಕವಾಚನಕ್ಕೆ, ಒಂದನ್ನು ಚೌಪದಿ ರಚನೆಗೆ ಮೀಸಲಿಡುವುದು ಟ್ರಸ್ಟುಗಳಿಗೆ ಹೊರೆಯಾಗದು. ಪ್ರಶ್ನೆ ಕೇಳಿದ ತರುಣನನ್ನು ಅವಿನಯಿಯೆಂದು ಗದರಿಸದಿರುವ ತಾಳ್ಮೆ ಮಾತ್ರ ಹಿರಿಯರಲ್ಲಿರಬೇಕು. ಸೂತ್ರಕಾರರು ಪೃಚ್ಛನೆಯನ್ನು ಸ್ವಾಧ್ಯಾಯವೆಂದೇ ಎಣಿಸಿದ್ದಾರೆ. ಸ್ವಾಧ್ಯಾಯವಾದರೋ ತಪಸ್ಸಿನ ಒಂದು ಬಗೆ.