ರೈತಮಿತ್ರನೆಂಬ ಸರ್ಟಿಫಿಕೇಟು

ನಾಗರಪಂಚಮಿ ಹತ್ತಿರ ಬಂತೆಂದರೆ ಪತ್ರಿಕೆಯ ಪುರವಣಿ, ಶಾಲೆಯ ಪ್ರಬಂಧ ಸ್ಪರ್ಧೆ, ಗೋಡೆಗೆ ಅಂಟಿಸಿದ ಭಿತ್ತಿಪತ್ರ ಎಲ್ಲದರಲ್ಲೂ ಒಂದೇ ಪಾಠ: ಹಾವು ರೈತನ ಮಿತ್ರ, ಇಲಿ ಹಿಡಿಯುತ್ತದೆ, ವಿಷವಿರುವುದು ನಾಲ್ಕೇ ಹಾವಿಗೆ, ಉಳಿದವು ಪಾಪದವು, ಕೊಲ್ಲಬೇಡಿ. ಕಂಡದ್ದನ್ನೆಲ್ಲ ಬಡಿದು ಹಾಕುತ್ತಿದ್ದ ಕಾಲಕ್ಕೆ ಹೋಲಿಸಿದರೆ ಇದು ಒಳ್ಳೆಯ ಮಾತೇ. ಹೇಳುವವರ ಕಳಕಳಿಯ ಬಗ್ಗೆ ನನ್ನ ತಕರಾರಿಲ್ಲ, ಅವರ ವಾದದ ಬಗ್ಗೆ ಇದೆ. ಇದು ಒಂದು ಹಾವಿನ ಅಳತೆಗೆ ಹೊಲಿದ ಅಂಗಿ. ಉಳಿದವುಗಳ ಮೈಗೆ ಹಿಡಿಸುವುದಿಲ್ಲ.

ಆ ಒಂದು ಹಾವು ಕೇರೆ. ಗದ್ದೆಯ ಬದು, ಹುಲ್ಲಿನ ಬಣವೆ, ಕೊಟ್ಟಿಗೆಯ ಹಿಂಬದಿ, ಇಲಿ ಇರುವಲ್ಲೆಲ್ಲ ಕೇರೆ ಇರುತ್ತದೆ. ಬಿಲದೊಳಗೇ ನುಗ್ಗಿ ಮರಿಗಳ ಸಮೇತ ಸಂಸಾರವನ್ನು ಮುಗಿಸುತ್ತದೆ. ಅದರ ಮೇಲೆ ಹೊರಿಸಿದ ಆರೋಪಗಳು ಮಾತ್ರ ಒಂದೆರಡಲ್ಲ. ಹಸುವಿನ ಕೆಚ್ಚಲಿಗೆ ಬಾಯಿ ಹಾಕುತ್ತದಂತೆ, ಬಾಲದಲ್ಲಿ ವಿಷವಂತೆ, ನಾಗರದ ಜೊತೆ ಕೂಡುತ್ತದಂತೆ. ಹೆಣೆದುಕೊಂಡು ಅರ್ಧ ಮೈ ಮೇಲೆತ್ತಿ ಆಡುವ ಜೋಡಿಯನ್ನು ಕಂಡು ಕೈಮುಗಿಯುವವರಿದ್ದಾರೆ, ಬಿಳಿ ಬಟ್ಟೆ ಹೊದಿಸಿ ಮನೆಗೆ ಒಯ್ಯುವವರಿದ್ದಾರೆ. ಸಾಮಾನ್ಯವಾಗಿ ಅವೆರಡೂ ಗಂಡು ಕೇರೆಗಳು. ನಡೆಯುತ್ತಿರುವುದು ಸರಸವಲ್ಲ, ಒಂದನ್ನೊಂದು ನೆಲಕ್ಕೊತ್ತುವ ಕುಸ್ತಿ. ಇಷ್ಟೆಲ್ಲ ಅಪವಾದ ಹೊತ್ತ ಕೇರೆಗೆ ಮಿತ್ರನೆಂಬ ಸರ್ಟಿಫಿಕೇಟು ಸಿಕ್ಕಿದ್ದು ನ್ಯಾಯವೇ.

ತೊಡಕು ಶುರುವಾಗುವುದು ಆಮೇಲೆ. ಕೆರೆಯಂಚಿನ ನೀರೊಳ್ಳೆಯನ್ನು ತೆಗೆದುಕೊಳ್ಳಿ. ಮೈಮೇಲೆ ಚದುರಂಗದ ಮನೆಗಳು, ಕಣ್ಣಿನಿಂದ ಓರೆಯಾಗಿ ಇಳಿದ ಎರಡು ಕಪ್ಪು ಗೆರೆ. ವಿಷವಿಲ್ಲ, ಸಿಟ್ಟು ಮಾತ್ರ ಮೂಗಿನ ತುದಿಯಲ್ಲಿ: ಮುಟ್ಟಹೋದರೆ ಕತ್ತು ಚಪ್ಪಟೆ ಮಾಡಿ ಹೆಡೆಯ ನಾಟಕವಾಡುತ್ತದೆ, ಕಚ್ಚಿಯೂ ಬಿಡುತ್ತದೆ. ಅದರ ಊಟ ಮೀನು, ಕಪ್ಪೆ. ಕಪ್ಪೆ ಬೆಳೆಯ ಕೀಟ ತಿನ್ನುತ್ತದೆ, ಹಾಗಾಗಿ ಅದೂ ರೈತನ ಮಿತ್ರ ಎನ್ನುತ್ತದೆ ಇದೇ ಪಾಠ. ಹಾಗಾದರೆ ಮಿತ್ರನನ್ನು ನುಂಗುವ ನೀರೊಳ್ಳೆ ಯಾರ ಕಡೆ?

ಇನ್ನೂ ಬಿಗಿಯಾದ ಉದಾಹರಣೆ ಘಟ್ಟದ ಮಣ್ಣಿನೊಳಗಿದೆ. ಗುರಾಣಿಬಾಲದ ಹಾವುಗಳ ಕುಟುಂಬದಲ್ಲಿ 50ಕ್ಕೂ ಹೆಚ್ಚು ಪ್ರಭೇದಗಳಿವೆ. ಭಾರತದ ಪರ್ಯಾಯದ್ವೀಪ ಮತ್ತು ಶ್ರೀಲಂಕಾ ಬಿಟ್ಟರೆ ಜಗತ್ತಿನ ಬೇರೆಲ್ಲೂ ಇಲ್ಲ. ಕೈಗೆ ಸಿಕ್ಕರೆ ಗೇಣುದ್ದದ ನುಣುಪು ಮೈ, ಬಿಸಿಲಿಗೆ ಹಿಡಿದರೆ ಬಣ್ಣ ತಿರುಗುವ ಹುರುಪೆ, ಮಣ್ಣು ತೂರಲು ಚೂಪಾದ ಮೂತಿ. ಬಾಲ ಮಾತ್ರ ಮೊಂಡು, ಒರಟು. ಅದಕ್ಕೆ ಸದಾ ಒಂದಷ್ಟು ಮಣ್ಣು ಮೆತ್ತಿಕೊಂಡಿರುತ್ತದೆ. ಹಿಂದಿನಿಂದ ಬರುವ ವೈರಿಗೆ ಆ ಮಣ್ಣಿನ ಬಿರಡೆಯೇ ಬಾಗಿಲು. ಇವುಗಳ ಮುಖ್ಯ ಆಹಾರ ಎರೆಹುಳು. ಎರೆಹುಳುವಿಗಿಂತ ದೊಡ್ಡ ರೈತಮಿತ್ರ ಯಾರಿದ್ದಾರೆ? ಇಲಿಯ ಲೆಕ್ಕದಲ್ಲಿ ನೋಡಿದರೆ ಈ ಹಾವು ಶತ್ರುಪಕ್ಷಕ್ಕೆ ಸೇರಬೇಕು. ಆದರೂ ಅದನ್ನು ಉಳಿಸಬೇಕೆಂದು ನಮಗನ್ನಿಸಿದರೆ ಕಾರಣ ಇಲಿಯ ಆಚೆಗೆ ಎಲ್ಲೋ ಇದೆ ಎಂದಾಯಿತು.

ಉಪಯೋಗದ ಲೆಕ್ಕ ಹಾವಿಗೆ ಒಳ್ಳೆಯದನ್ನೇ ಮಾಡುತ್ತದೆ ಎಂಬ ಭರವಸೆಯೂ ಇಲ್ಲ. ಕೇರೆಯ ಚರ್ಮಕ್ಕೆ ಬೆಲೆಯಿದ್ದ ಕಾಲದಲ್ಲಿ ಅದು ಚೀಲ, ಚಪ್ಪಲಿಗಾಗಿ ಲೆಕ್ಕವಿಲ್ಲದಷ್ಟು ಸತ್ತಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದದ್ದು ಆಮೇಲೆ. ಇಮ್ಮಂಡೆಯದು ಇನ್ನೂ ದೊಡ್ಡ ದುರಂತ. ಬಾಲವೂ ತಲೆಯಂತೆ ಮೊಂಡಾಗಿರುವ ಈ ಸಾಧು ಹಾವನ್ನು ಯಾರೂ ದ್ವೇಷದಿಂದ ಹಿಡಿಯುವುದಿಲ್ಲ. ಮನೆಯಲ್ಲಿದ್ದರೆ ಐಶ್ವರ್ಯ ಬರುತ್ತದೆಂದು ಹಿಡಿಯುತ್ತಾರೆ, ತೂಗಿ ಮಾರುತ್ತಾರೆ, ಗೋಣಿಚೀಲದಲ್ಲಿ ಉಸಿರುಗಟ್ಟಿಸುತ್ತಾರೆ. ಪ್ರಯೋಜನಕ್ಕೆ ಬರುವ ಹಾವೆಂಬ ಹೆಸರೇ ಅದಕ್ಕೆ ಮುಳುವಾಯಿತು.

‘ನಾಲ್ಕೇ ವಿಷದ ಹಾವು’ ಎಂಬ ಇನ್ನೊಂದು ಅರ್ಧವಂತೂ ಸುಳ್ಳು. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಇವು ಹೆಚ್ಚು ಜನರನ್ನು ಕೊಲ್ಲುವ ನಾಲ್ಕು, ನಿಜ. ನಮ್ಮ ಆಸ್ಪತ್ರೆಗಳ ವಿಷನಿರೋಧಕ ಔಷಧ ತಯಾರಾಗುವುದೂ ಈ ನಾಲ್ಕರ ವಿಷದಿಂದಲೇ. ಹಾಗೆಂದು ಆಗುಂಬೆಯ ಕಾಳಿಂಗವನ್ನು, ತೋಟದ ತರಗೆಲೆಯಲ್ಲಿ ಮಲಗುವ ಕುಳಿಮಂಡಲಗಳನ್ನು ಪಾಪದವರ ಪಟ್ಟಿಗೆ ಸೇರಿಸಲಾದೀತೇ?

ಇದಕ್ಕೊಂದು ಗಟ್ಟಿ ಆಕ್ಷೇಪ ಬರುತ್ತದೆ. ದೇಶದಲ್ಲಿ 2000ದಿಂದ 2019ರವರೆಗೆ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ ಎಂದು 2020ರ ಅಧ್ಯಯನವೊಂದು ಅಂದಾಜಿಸಿದೆ. ವರ್ಷಕ್ಕೆ 58 ಸಾವಿರ. 2024ರಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತದ ಪ್ರತಿ ಪ್ರಕರಣವನ್ನೂ ವರದಿ ಮಾಡುವುದನ್ನು ಕಡ್ಡಾಯಗೊಳಿಸಿದ್ದು ಸುಮ್ಮನೆ ಅಲ್ಲ. ಇಂಥಲ್ಲಿ ಹಳ್ಳಿಯವರಿಗೆ ನೆನಪಿನಲ್ಲಿ ಉಳಿಯುವ ಸರಳ ಮಾತು ಬೇಕಲ್ಲವೇ, ಪ್ರಭೇದಗಳ ಪುರಾಣ ಏಕೆ ಎಂದು ಕೇಳುತ್ತಾರೆ. ಸರಳ ಮಾತು ಬೇಕು, ನಿಜ. ಆದರೆ ‘ವಿಷದ್ದೋ ಅಲ್ಲವೋ ಗುರುತಿಸಿ, ಅಲ್ಲದಿದ್ದರೆ ಹೆದರಬೇಡಿ’ ಎಂಬುದು ಸರಳವೇ? ಗೋಡೆಯ ಹಲ್ಲಿಗಾಗಿ ರಾತ್ರಿ ಮನೆಯೊಳಗೆ ಬರುವ ತೋಳಹಾವನ್ನು ನೋಡಿ. ಕಂದು ಮೈ, ಬಿಳಿ ಪಟ್ಟೆ. ಪಟ್ಟೆಗಳು ಕತ್ತಿನ ಬಳಿ ಸ್ಪಷ್ಟ, ಬಾಲದ ಕಡೆ ಮಾಸುತ್ತವೆ. ಕಟ್ಟುಹಾವಿನದು ಸರಿಯಾಗಿ ಇದರ ತಿರುಗುಮುರುಗು. ಮೊದಲನೆಯದರಲ್ಲಿ ನಮ್ಮನ್ನು ಕೊಲ್ಲುವ ವಿಷವಿಲ್ಲ, ಎರಡನೆಯದು ನಿದ್ದೆಯಲ್ಲಿ ಕಚ್ಚಿದರೆ ನೋವೇ ಗೊತ್ತಾಗದಿರಬಹುದು. ಟಾರ್ಚಿನ ಬೆಳಕಿನಲ್ಲಿ, ಎದೆ ಹೊಡೆದುಕೊಳ್ಳುವಾಗ, ಪಟ್ಟೆ ಯಾವ ತುದಿಯಲ್ಲಿ ಮಾಸಿದೆ ಎಂದು ನೋಡುವವರು ಯಾರು? ಯಾವ ಹಾವನ್ನೂ ಮುಟ್ಟಬೇಡಿ, ಕತ್ತಲಲ್ಲಿ ಬೆಳಕಿಲ್ಲದೆ ನಡೆಯಬೇಡಿ, ನೆಲದ ಮೇಲೆ ಮಲಗುವುದಾದರೆ ಸೊಳ್ಳೆಪರದೆ ಸಿಕ್ಕಿಸಿಕೊಳ್ಳಿ, ಕಚ್ಚಿದರೆ ನೇರ ಆಸ್ಪತ್ರೆಗೆ ಹೋಗಿ. ಇದು ಅದಕ್ಕಿಂತ ಸರಳ, ಮತ್ತು ಹಾವಿಗೂ ಮನುಷ್ಯನಿಗೂ ಕ್ಷೇಮ.

ಪ್ರಭೇದಗಳ ವಿವರ ಬೇಕಾಗುವುದು ಬೇರೆ ಕಡೆ: ಹಾವು ಬದುಕುವ ಜಾಗವನ್ನು ಏನು ಮಾಡುತ್ತೇವೆಂದು ನಿರ್ಧರಿಸುವಾಗ. ಪೊದೆಯ ಹಸಿರುಹಾವನ್ನು ನಾವು ಒಂದೇ ಎಂದುಕೊಂಡಿದ್ದೆವು. ಪಶ್ಚಿಮ ಘಟ್ಟದ ಕಾಡುಗಳಲ್ಲೇ ನಾಲ್ಕು, ಬಯಲಿನಲ್ಲಿ ಇನ್ನೊಂದು ಇವೆಯೆಂದು 2020ರಲ್ಲಿ ಗೊತ್ತಾಯಿತು. ಕಣ್ಣಿಗೆ ಚುಚ್ಚುತ್ತದೆಂದು ನಾವು ಬೈಯುವ ಈ ಹಾವಿಗೆ ಬೇಕಾದದ್ದು ಎಲೆ ತುಂಬಿದ ಬೇಲಿ. ನೀರೊಳ್ಳೆಗೆ ಹುಲ್ಲು, ಜೊಂಡು ಇರುವ ದಡ ಬೇಕು. ಕೆರೆ ಅಭಿವೃದ್ಧಿಯ ಹೆಸರಿನಲ್ಲಿ ಸುತ್ತಲೂ ಕಲ್ಲು ಕಟ್ಟಿ ವಾಕಿಂಗ್ ಪಾತ್ ಹಾಕಿದರೆ ಮುಗಿಯಿತು. ಗುರಾಣಿಬಾಲಕ್ಕೆ ತರಗೆಲೆ ಕೊಳೆತ ತಂಪು ಮಣ್ಣು ಬೇಕು. ಕಾಫಿ, ಅಡಿಕೆ ತೋಟದ ನೆರಳಿನಲ್ಲಿ ಅದು ಹೇಗೋ ಸುಧಾರಿಸುತ್ತದೆ, ಜೆಸಿಬಿ ಗುಡ್ಡ ಸೀಳಿದಲ್ಲಿ ಇಲ್ಲ. ಮಳೆಗಾಲದಲ್ಲಿ ಘಟ್ಟದ ರಸ್ತೆಗೆ ಬಂದು ಚಕ್ರಕ್ಕೆ ಸಿಕ್ಕುವುದಂತೂ ಯಾರ ಲೆಕ್ಕಕ್ಕೂ ಬರುವುದಿಲ್ಲ. ಎಲ್ಲಕ್ಕಿಂತ ಗಟ್ಟಿಗಿತ್ತಿ ಹುಳಹಾವು: ಇರುವೆ, ಗೆದ್ದಲಿನ ಮೊಟ್ಟೆ ಮರಿ ತಿಂದು, ಗಂಡಿನ ಹಂಗಿಲ್ಲದೆ ಹೆಣ್ಣುಗಳೇ ಸಂತಾನ ಬೆಳೆಸಿ, ಹೂಕುಂಡದ ಮಣ್ಣಿನಲ್ಲಿ ಅಡಗಿ ಖಂಡಾಂತರ ಹೋಗಿದೆ. ಎಲ್ಲ ಹಾವಿಗೂ ಈ ಅದೃಷ್ಟವಿಲ್ಲ.

ಹಿಡಿದು ದೂರದ ಕಾಡಿಗೆ ಬಿಡುವುದನ್ನು ನಾವು ರಕ್ಷಣೆ ಎನ್ನುತ್ತೇವೆ. ಬಿಲ, ನೀರು, ಬೇಟೆ ಎಲ್ಲಿದೆಯೆಂದು ಬಲ್ಲ ಜಾಗದಿಂದ ಕಿತ್ತು, ಗುರುತಿಲ್ಲದ ಜಾಗದಲ್ಲಿ ಎಸೆಯುವುದು ಅದು. ಹಿತ್ತಿಲ ಕೇರೆಯನ್ನು ಹಿತ್ತಿಲಲ್ಲೇ ಬಿಡುವಷ್ಟು ಸಹನೆ ಬಂದಾಗ ಮಾತ್ರ ನಮ್ಮ ಜಾಗೃತಿಗೆ ಬೆಲೆ.

ಹಾಗಾಗಿ ಮಿತ್ರ ಯಾರು, ಶತ್ರು ಯಾರು ಎಂಬ ಪಟ್ಟಿ ಸಾಕು. ಗ್ರಾಮಸಭೆಯಲ್ಲಿ ಕೇಳಬೇಕಾದ ಪ್ರಶ್ನೆಗಳು ಬೇರೆ: ಕೆರೆಯ ಒಂದು ದಡವನ್ನಾದರೂ ಹಸಿಯಾಗಿ ಬಿಡುತ್ತೀರಾ, ಬೇಲಿ ಕಿತ್ತು ತಂತಿ ಎಳೆಯಲೇಬೇಕಾ, ಸೊಪ್ಪಿನಬೆಟ್ಟದ ತರಗೆಲೆಯನ್ನು ಪೂರ್ತಿ ಗುಡಿಸುತ್ತೀರಾ? ಇವಕ್ಕೆ ಸಿಗುವ ಉತ್ತರದ ಮೇಲೆ ಆ ಊರಲ್ಲಿ ಎಷ್ಟು ಬಗೆಯ ಹಾವು ಉಳಿಯುತ್ತವೆಂದು ಹೇಳಬಹುದು. ಭಿತ್ತಿಪತ್ರದಲ್ಲಿ ಜಾಗವಿದ್ದರೆ ಮೊದಲು ಈ ಪ್ರಶ್ನೆಗಳನ್ನು ಅಚ್ಚು ಹಾಕಿಸಲಿ.