ಮನೆಯನ್ನು ಪ್ರೀತಿಸಿದ ಡಾಕ್ಟರು

ಪಾಳುಬೀಳುತ್ತಿರುವ ದೊಡ್ಡ ಮನೆ, ಮದುವೆಯಾಗದ ಮಗಳು, ಅವಳನ್ನು ಮೆಚ್ಚುವ ಡಾಕ್ಟರು, ನಡುವೆ ಒಂದೊಂದಾಗಿ ಸಾವು... ಇಂಗ್ಲಿಷ್ ಕಾದಂಬರಿ ಓದುವವರಿಗೆ ಇದು ಹಳೆಯ ಅಡುಗೆಯೇ. ಸಾರಾ ವಾಟರ್ಸ್ ಅವರ ‘ದ ಲಿಟ್ಲ್ ಸ್ಟ್ರೇಂಜರ್’ (2009) ಕೂಡ ಇದೇ ಸಾಮಗ್ರಿಯದು, ಆದರೆ ರುಚಿ ಬೇರೆ. ಯಾಕೆಂದು ಹೇಳಲು ಕತೆಯ ಕೊನೆಯನ್ನೂ ಹೇಳಬೇಕಾಗುತ್ತದೆ. ಪುಸ್ತಕ ಓದಬೇಕೆಂದಿರುವವರು ದಯವಿಟ್ಟು ಇಲ್ಲಿಗೇ ನಿಲ್ಲಿಸಿ!

ಎರಡನೇ ಮಹಾಯುದ್ಧ ಮುಗಿದ ಹೊಸತು, ವಾರಿಕ್‌ಷೈರ್. ಹಂಡ್ರೆಡ್ಸ್ ಹಾಲ್ ಎಂಬ ಬಂಗಲೆಯಲ್ಲಿ ಏರ್ಸ್ ಮನೆತನದ ಮೂವರು ಉಳಿದಿದ್ದಾರೆ: ವಿಧವೆ ತಾಯಿ, ಮಗಳು ಕ್ಯಾರೊಲಿನ್, ಯುದ್ಧದಲ್ಲಿ ಕಾಲು ಜಖಂ ಆದ ಮಗ ರಾಡ್ರಿಕ್. ಕೋಣೆಗಳಿಗೆ ಬೀಗ ಬಿದ್ದಿದೆ. ಮಾರಿದ ಜಮೀನಿನಲ್ಲಿ ಕೌನ್ಸಿಲ್ ಮನೆಗಳು ಏಳುತ್ತಿವೆ. ಕತೆ ಹೇಳುವವನು ಡಾಕ್ಟರ್ ಫ್ಯಾರಡೆ. ಅವನ ತಾಯಿ ಒಂದು ಕಾಲಕ್ಕೆ ಇದೇ ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕೆಲಸಕ್ಕಿದ್ದವಳು. ಚಿಕ್ಕಂದಿನಲ್ಲಿ ಒಮ್ಮೆ ಒಳಗೆ ಹೋದಾಗ, ಗೋಡೆಯ ಗಾರೆ ಅಲಂಕಾರದಿಂದ ಓಕ್ ಕಾಯಿಯೊಂದನ್ನು ಚಾಕುವಿನಿಂದ ಕಿತ್ತುಕೊಂಡಿದ್ದ. ದ್ವೇಷದಿಂದಲ್ಲ, ಆ ಮನೆಯ ಒಂದು ತುಂಡು ತನಗೂ ಬೇಕು ಅಂತ.

ನನ್ನ ಮಟ್ಟಿಗೆ ಇಡೀ ಕಾದಂಬರಿ ಆ ಚಾಕುವಿನ ಮುಂದುವರಿಕೆ.

ಮನೆಯಲ್ಲಿ ಬೆಂಕಿ ಬೀಳುತ್ತದೆ, ರಾಡ್ರಿಕ್ ಮಾನಸಿಕ ಆಸ್ಪತ್ರೆ ಸೇರುತ್ತಾನೆ, ತಾಯಿ ನೇಣು ಹಾಕಿಕೊಳ್ಳುತ್ತಾಳೆ. ಪ್ರತಿ ಸಲವೂ ಫ್ಯಾರಡೆ ಒಂದು ವೈದ್ಯಕೀಯ ಕಾರಣ ಕೊಡುತ್ತಾನೆ, ನಾವೂ ತಲೆಯಾಡಿಸುತ್ತೇವೆ. ಸಾಫ್ಟ್‌ವೇರ್ ಕೆಲಸದವರಿಗೆ ಈ ಪೇಚು ಗೊತ್ತು. ಲಾಗ್ ಫೈಲ್ ನಂಬಿ ದೋಷ ಹುಡುಕುತ್ತಿರುತ್ತೇವೆ, ಆ ಲಾಗ್ ಬರೆಯುತ್ತಿರುವುದೇ ದೋಷವಿರುವ ಪ್ರೋಗ್ರಾಮ್!

ಪ್ರೇಮದ ಭಾಗವನ್ನು ಗಮನಿಸಿ. ಕ್ಯಾರೊಲಿನ್‌ಳ ರೂಪ, ಬಟ್ಟೆಬರೆಗಳನ್ನು ಅವನು ತಣ್ಣಗೆ ವರ್ಣಿಸುತ್ತಾನೆ. ಮನೆಯ ಮಾತು ಬಂದರೆ ಮಾತ್ರ ದನಿ ಮೆತ್ತಗಾಗುತ್ತದೆ. ಮದುವೆಯ ಉಡುಪನ್ನೂ ಅವಳನ್ನು ಕೇಳದೆ ತಾನೇ ತರುತ್ತಾನೆ. ಅವಳು ಎಲ್ಲವನ್ನೂ ಹಿಂತಿರುಗಿಸಿ, ಮನೆ ಮಾರಿ ಪರದೇಶಕ್ಕೆ ಹೊರಡುವೆನೆನ್ನುತ್ತಾಳೆ. ಒಂದು ರಾತ್ರಿ ಮೇಲಿನ ಮಹಡಿಯಿಂದ ಬಿದ್ದು ಸಾಯುತ್ತಾಳೆ. ಬೀಳುವ ಮುಂಚೆ ಯಾರೋ ಗುರುತಿನವರನ್ನು ಕಂಡಂತೆ ಕೂಗಿದಳು ಎಂದು ಕೆಲಸದ ಹುಡುಗಿ ಬೆಟ್ಟಿ ಸಾಕ್ಷಿ ಹೇಳುತ್ತಾಳೆ. ಆ ಹೊತ್ತಿಗೆ ಫ್ಯಾರಡೆ ದಾರಿಯಲ್ಲಿ ಕಾರು ನಿಲ್ಲಿಸಿ ಮಲಗಿದ್ದನಂತೆ, ಮನಸ್ಸು ಮಾತ್ರ ಹಂಡ್ರೆಡ್ಸ್‌ಗೆ ನಡೆದು ಹೋಗುತ್ತಿತ್ತಂತೆ. ವಿಚಾರಣೆಯಲ್ಲಿ ಅದು ಆತ್ಮಹತ್ಯೆ. ನಾನು ಕೊಲೆ ಎನ್ನುತ್ತೇನೆ, ಕೊಲೆಗಾರನಿಗೇ ಗೊತ್ತಿಲ್ಲದ ಕೊಲೆ.

ಹೊರಟು ನಿಂತವಳನ್ನು ಬಿಡದ ಈ ಆಸೆ ನಮಗೇನು ಹೊಸತಲ್ಲ. ಊರಿನ ಮನೆ ಮಾರುವ ಮಾತು ಬಂದರೆ ಫೋನಿನಲ್ಲಿ ಜೋರಾಗಿ ಬೇಡವೆನ್ನುವವರು ನಾವೇ. ಸೋರುವ ಸೂರಿನ ಕೆಳಗೆ ಪಾತ್ರೆ ಇಡುವವರು ಅಣ್ಣ ಅತ್ತಿಗೆ. ಅದಕ್ಕೇ ಫ್ಯಾರಡೆಯನ್ನು ಪೂರ್ತಿ ದ್ವೇಷಿಸಲು ನನಗಾಗಲಿಲ್ಲ.

ನಡುವಿನ ನೂರು ಪುಟ ಎಳೆದಂತಿದೆ, ಗಂಟೆ ಸದ್ದು, ಗೋಡೆಯ ಗೀಚುಗಳು ಸಾಕೆನಿಸುತ್ತವೆ. 2018ರಲ್ಲಿ ಲೆನ್ನಿ ಅಬ್ರಹಾಂಸನ್ ಮಾಡಿದ ಸಿನಿಮಾ ಪುಸ್ತಕಕ್ಕಿಂತ ಬೇಗ ಗುಟ್ಟು ಬಿಟ್ಟುಕೊಡುತ್ತದೆ, ಪುಸ್ತಕವನ್ನೇ ಮೊದಲು ಓದಿ. ಪ್ರತಿ ನನ್ನಲ್ಲಿದೆ, ಬೇಕಾದವರು ತಿಳಿಸಿದರೆ ಮುಂದಿನ ಸಭೆಗೆ ತರುತ್ತೇನೆ.