ಹಲಗೆ ಮೇಲೆ ಯಾರಿಗೆ ಜಾಗ?

ಟೈಟಾನಿಕ್ ಸಿನಿಮಾನ ಮೊನ್ನೆ ಮತ್ತೆ ನೋಡಿದೆ. ನಮ್ಮ ಟೀಮಿನ ಇಬ್ಬರು ಹುಡುಗೀರು ಊಟದ ಹೊತ್ತಲ್ಲಿ ಅದರ ಬಗ್ಗೆ ಜಗಳಕ್ಕೆ ಬಿದ್ದಿದ್ದೇ ಕಾರಣ. "ಸಂಬಳ ನಂಗೂ ಅಷ್ಟೇ ಬರುತ್ತೆ. ಆದ್ರೂ ಜಾಕ್ ಥರ ನೋಡ್ಕೊಳ್ಳೋನು ಸಿಕ್ಕಿದ್ರೆ ಬೇಡ ಅನ್ನಲ್ಲ" ಅಂದಳು ಒಬ್ಬಳು. "ಹಂಗಾದ್ರೆ ಸಮಾನತೆ ಅಂತ ಯಾಕೆ ಮಾತಾಡ್ತೀಯ?" ಅಂತ ಇನ್ನೊಬ್ಬಳು ಕೇಳಿಯೇ ಬಿಟ್ಟಳು. ನಾನು ಸುಮ್ಮನೆ ಮೊಸರನ್ನ ಕಲಸ್ತಾ ಕೂತಿದ್ದೆ. ಎರಡನೆಯವಳ ಮಾತೇ ಸರಿ ಅನ್ನಿಸಿತ್ತು.

ಜೇಮ್ಸ್ ಕ್ಯಾಮರಾನ್ 1997ರ ಈ ಚಿತ್ರದಲ್ಲಿ ಇಬ್ಬರು ಗಂಡಸರನ್ನು ಎದುರುಬದುರು ನಿಲ್ಲಿಸಿದ್ದಾನೆ. ಕ್ಯಾಲ್ ವಜ್ರದ ಹಾರ ಕೊಡ್ತಾನೆ, ಆದರೆ ಊಟದ ಮೇಜಿನಲ್ಲಿ ರೋಸ್‌ಳನ್ನು ಕೇಳದೆಯೇ ಅವಳಿಗೂ ಸೇರಿಸಿ ಆರ್ಡರ್ ಮಾಡ್ತಾನೆ. ಹಡಗು ಮುಳುಗುವಾಗ ಯಾರದೋ ಮಗುವನ್ನು ಎತ್ತಿಕೊಂಡು ಬೋಟ್ ಹತ್ತುತ್ತಾನೆ. ಜಾಕ್ ಹಾಕಿದ ಸೂಟೂ ಸ್ವಂತದ್ದಲ್ಲ, ಆದರೆ ಅವಳ ಮಾತು ಕೇಳಿಸಿಕೊಳ್ತಾನೆ. ಅವನು ಕೈಕೋಳದಲ್ಲಿ ಸಿಕ್ಕಿಹಾಕಿಕೊಂಡಾಗ ಕೊಡಲಿ ಹಿಡಿದು ಬಿಡಿಸೋದೂ ರೋಸೇ. ಹಾಗಾಗಿ ಕೊನೆಗೆ ಅವನು ಹಲಗೆ ಬಿಟ್ಟುಕೊಟ್ಟಾಗ ಅದು ಅಬಲೆಗೆ ಮಾಡಿದ ಉಪಕಾರ ಅನ್ನಿಸಲ್ಲ. ಚಿತ್ರ ಗೆದ್ದಿರೋದು ಇಲ್ಲಿ.

ಎಡವಿರೋದು, ಶಿವಲ್ರಿಯನ್ನು ಪೂರ್ತಿಯಾಗಿ ಒಬ್ಬೊಬ್ಬರ ಗುಣದ ಪ್ರಶ್ನೆ ಮಾಡಿರೋದ್ರಲ್ಲಿ. 1912ರ ಆ ರಾತ್ರಿ ಹೆಂಗಸರು, ಮಕ್ಕಳು ಮೊದಲು ಅನ್ನೋದು ಕ್ಯಾಪ್ಟನ್ ಆದೇಶವಾಗಿತ್ತು. ಹಡಗಿನ ಒಂದು ಮಗ್ಗುಲಲ್ಲಿ ಲೈಟೋಲರ್ ಎಂಬ ಅಧಿಕಾರಿ ಗಂಡಸರನ್ನು ಹೆಚ್ಚುಕಮ್ಮಿ ಹತ್ತಿಸಲೇ ಇಲ್ಲ. ಇನ್ನೊಂದು ಮಗ್ಗುಲಲ್ಲಿ ಮರ್ಡಾಕ್, ಹೆಂಗಸರು ಹತ್ತಿರ ಇಲ್ಲದಾಗ ಗಂಡಸರನ್ನೂ ಬಿಟ್ಟ. ಆದೇಶ ಎಲ್ಲರಿಗೂ ಒಂದೇ ಥರ ತಲುಪಲೂ ಇಲ್ಲ. ಬ್ರಿಟಿಷ್ ವಿಚಾರಣೆಯ ಲೆಕ್ಕದಲ್ಲಿ ಮೊದಲ ದರ್ಜೆಯ 144 ಹೆಂಗಸರಲ್ಲಿ 140 ಮಂದಿ ಉಳಿದರೆ, ಮೂರನೇ ದರ್ಜೆಯ 165ರಲ್ಲಿ ಉಳಿದಿದ್ದು 76. ಮೂರನೇ ದರ್ಜೆಯವರು ಗೇಟಿನ ಹಿಂದೆ ಸಿಕ್ಕಿಬಿದ್ದಿದ್ದನ್ನು ಚಿತ್ರ ತೋರಿಸುತ್ತೆ, ನಿಜ. ಆದರೆ ನಮ್ಮ ಕಣ್ಣೀರೆಲ್ಲ ಹಲಗೆಗೇ ಹೋಗುತ್ತೆ. ಸ್ವೀಡನ್ನಿನ ಇಬ್ಬರು ಅರ್ಥಶಾಸ್ತ್ರಜ್ಞರು 2012ರಲ್ಲಿ 18 ಹಡಗು ದುರಂತಗಳ ಲೆಕ್ಕ ತೆಗೆದರು. ಒಟ್ಟಾರೆ ನೋಡಿದರೆ ಹೆಚ್ಚು ಪ್ರಮಾಣದಲ್ಲಿ ಬದುಕಿದ್ದು ಗಂಡಸರೇ. ಕ್ಯಾಪ್ಟನ್ ಆದೇಶ ಕೊಟ್ಟ ಕಡೆ ಅಂತರ ಕಡಿಮೆ.

ಎಮ್ಮಾ ಗೋಲ್ಡ್‌ಮನ್ ಆ ವರ್ಷವೇ ಇದನ್ನು ಟೀಕಿಸಿ ಬರೆದಿದ್ದಳು: ಟೈಟಾನಿಕ್‌ನ ಹೆಂಗಸರು ಬೋಟ್ ಹತ್ತಿ, ಮತದ ಹಕ್ಕಿನ ಹೋರಾಟಕ್ಕೇ ಪೆಟ್ಟು ಕೊಟ್ಟರು ಅಂತ. ಅದೇ ಹೊತ್ತಿಗೆ ಅಮೆರಿಕದ ಸಾವಿರಾರು ಹೆಂಗಸರು ಒಂದೊಂದು ಡಾಲರ್ ಸೇರಿಸಿ, ಸತ್ತ ಗಂಡಸರಿಗೊಂದು ಸ್ಮಾರಕ ಮಾಡಲು ಹೊರಟಿದ್ದರು. ವಾಷಿಂಗ್ಟನ್ನಿನಲ್ಲಿ ಅದು ಅನಾವರಣಗೊಂಡಿದ್ದು 1931ರಲ್ಲಿ. ಅಷ್ಟರಲ್ಲಿ ಅಲ್ಲಿನ ಹೆಂಗಸರಿಗೆ ಮತದ ಹಕ್ಕು ಸಿಕ್ಕಿ ಹತ್ತು ವರ್ಷ ದಾಟಿತ್ತು. ಶಿಲ್ಪ ಮಾಡಿದವಳೂ ಹೆಂಗಸೇ, ಗರ್ಟ್ರೂಡ್ ವ್ಯಾಂಡರ್‌ಬಿಲ್ಟ್ ವಿಟ್ನಿ. ಇವರೆಲ್ಲ ಮೋಸ ಹೋದವರು ಅಂದುಬಿಡೋದು ನಂಗೆ ಸೋಮಾರಿತನದ ವಿಮರ್ಶೆ ಅನ್ನಿಸುತ್ತೆ. ಪೆಲಿನ್ ಗುಲ್, ಟಾಮ್ ಕುಪ್ಫರ್ 2018ರ ಅಧ್ಯಯನದಲ್ಲಿ ಕಂಡಿದ್ದೂ ಇದನ್ನೇ. ಇಂಥ ಗಂಡಸರ ನಡವಳಿಕೆ ತಮ್ಮನ್ನು ಕಮ್ಮಿ ಮಾಡಬಹುದು ಅಂತ ಗೊತ್ತಿದ್ದೂ ಹೆಂಗಸರು ಅವರನ್ನು ಮೆಚ್ಚುತ್ತಾರೆ, ಸ್ತ್ರೀವಾದಿಗಳೂ ಕೂಡ. ಕಷ್ಟಕ್ಕೆ ಆಗ್ತಾನೆ, ಜೊತೆಗಿರ್ತಾನೆ ಅನ್ನೋ ಸೂಚನೆ ಅದರಲ್ಲಿ ಕಾಣುತ್ತೆ.

ನಂಗೆ ಇದು ಅರ್ಥ ಆಗೋದು ಅವ್ವನಿಂದ. ಹೊಲದಿಂದ ವಾಪಸ್ ಬರುವಾಗ ಅಪ್ಪ ಬೀಡಿ ಸೇದುತ್ತಾ ಮುಂದೆ, ಅವ್ವ ಹುಲ್ಲಿನ ಹೊರೆ ಹೊತ್ತು ಹಿಂದೆ. ಅವಳನ್ನು ಅಬಲೆ ಅಂತ ಯಾರೂ ಅನ್ನಲಿಲ್ಲ, ಹೊರೆಗೆ ಕೈಯನ್ನೂ ಕೊಡಲಿಲ್ಲ. ಹೆಣ್ತನ, ನಾಜೂಕು ಎಲ್ಲ ಪೇಟೆಯವರ ಮನೆಯ ಸಾಮಾನು. ಒಮ್ಮೆ ಬಸ್ಸಿನಲ್ಲಿ ಪ್ಯಾಂಟು ಹಾಕಿದ ಹುಡುಗನೊಬ್ಬ ಎದ್ದು "ಕೂತ್ಕಳಿ ಅಮ್ಮಾ" ಅಂದಿದ್ದನಂತೆ. ಆ ಸುದ್ದಿಯನ್ನ ಅವ್ವ ವಾರಗಟ್ಟಲೆ ಹೇಳಿದಳು. ಸೀಟಿಗಿಂತ, ಅವಳ ದಣಿವು ಒಬ್ಬರ ಕಣ್ಣಿಗಾದರೂ ಬಿತ್ತಲ್ಲ, ಅದು.

ಹಾಗಂತ ನಾನೇನು ಜಾಕ್ ಅಲ್ಲ. ಹೋದ ವರ್ಷ ರಾತ್ರಿ ರಿಲೀಸ್ ಇದ್ದಾಗ, ಊಟದ ಟೇಬಲ್ಲಲ್ಲಿ ಜಾಕ್ ಬೇಕು ಅಂದ ಅದೇ ಹುಡುಗಿಯ ಹೆಸರನ್ನು ಲಿಸ್ಟಿಂದ ತೆಗೆದಿದ್ದೆ. ಹೆಣ್ಮಗಳು, ರಾತ್ರಿ ಯಾಕೆ ತೊಂದರೆ ಅಂತ. ಅವಳನ್ನು ಕೇಳಲಿಲ್ಲ. ಅಪ್ರೈಸಲ್‌ನಲ್ಲಿ ಆ ರಿಲೀಸಿನ ಹೆಸರು ಬೇರೆಯವರಿಗೆ ಹೋಯಿತು. ಕ್ಯಾಲ್ ಊಟ ಆರ್ಡರ್ ಮಾಡೋ ದೃಶ್ಯ ಬಂದಾಗ ನಂಗೆ ನೆನಪಾಗಿದ್ದು ಇದೇ.

ಈ ಸಲ ಕೇಳಿದೆ. "ರಿಲೀಸ್ ನಾನೇ ಮಾಡ್ತೀನಿ. ಕ್ಯಾಬ್ ಮನೆ ಗೇಟ್ ತನಕ ಬರ್ಬೇಕು, ನಾನು ಒಳಗೆ ಹೋಗೋವರೆಗೂ ನಿಂತಿರ್ಬೇಕು" ಅಂದಳು. ಎರಡನ್ನೂ ಒಂದೇ ಉಸಿರಲ್ಲಿ ಹೇಳಿದಳು. ಕ್ಯಾಬ್ ಡೆಸ್ಕಿಗೆ ನಾನೇ ಮೇಲ್ ಹಾಕಿದೆ.